ಮಾಗಿಯ ಮನೆಪಾಠ

ಮುಂಬಯಿಯ ಚಳಿ ಒಂದು ಚಳಿಯೇ ಅಲ್ಲವೆಂದು ಧಾರವಾಡದಿಂದಲೋ ಚಿಕ್ಕಮಗಳೂರಿನಿಂದಲೋ ಬಂದ ನೆಂಟರು ನಗುವುದುಂಟು. ಕೊಲಾಬಾ, ದಾದರಗಳ ಮಟ್ಟಿಗೆ ಆ ಮಾತು ಸಲ್ಲಬಹುದು. ಆದರೆ ಠಾಣೆಯನ್ನು ಬಿಟ್ಟ ಗಾಡಿ ಖಾಡಿಯನ್ನು ದಾಟಿ, ಮುಂಬ್ರಾದ ಗುಡ್ಡದ ಮಗ್ಗುಲಿನಿಂದ ಡೊಂಬಿವಲಿ-ಕಲ್ಯಾಣಗಳ ಕಡೆ ಹೊರಳಿತೆಂದರೆ ಸಮುದ್ರದ ಬೆಚ್ಚನೆಯ ಆಸರೆ ಹಿಂದೆ ಉಳಿಯುತ್ತದೆ. ನೆಲ ರಾತ್ರಿಯಲ್ಲಿ ಬೇಗನೆ ತಣಿಯುತ್ತದೆ. ಡಿಸೆಂಬರ್, ಜನವರಿಗಳ ನಸುಕಿನಲ್ಲಿ ಇಲ್ಲಿಯ ಉಷ್ಣಮಾನವು ಕೊಲಾಬಾದ್ದಕ್ಕಿಂತ ಕೆಲವು ಡಿಗ್ರಿ ಕೆಳಗಿರುವುದು ಸಾಮಾನ್ಯ. ಆ ನಸುಕಿನಲ್ಲಿಯೇ, ಐದೂವರೆಗೋ ಆರಕ್ಕೋ, ಆರೇಳು ವರ್ಷದ ಮಗುವನ್ನು ಎಬ್ಬಿಸಿ, ಅರೆಗಣ್ಣಿನಲ್ಲಿಯೇ ಹಲ್ಲುಜ್ಜಿಸಿ, ಸ್ವೆಟರಿನ ಮೇಲೆ ಚೀಲವನ್ನು ಏರಿಸಿ, ಶಾಲೆಯ ಬಸ್ಸಿಗಾಗಿ ಬೀದಿಯ ಮೂಲೆಯಲ್ಲಿ ನಿಲ್ಲಿಸುವುದು ಈ ಭಾಗದ ಅಸಂಖ್ಯ ಮನೆಗಳ ದಿನಚರಿಯಾಗಿದೆ.

ಆರರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಅವಶ್ಯವೆಂದು ತಜ್ಞ ವೈದ್ಯರು ಹೇಳುತ್ತಾರೆ. ಆದರೆ ತಂದೆಯಾದವನು ಮುಂಬಯಿಯ ಕಚೇರಿಯಿಂದ ಹೊರಟು ಲೋಕಲ್ ಗಾಡಿಯಲ್ಲಿ ನಿಂತು ಮನೆ ಸೇರುವಾಗ ರಾತ್ರಿ ಎಂಟೂವರೆಯೋ ಒಂಬತ್ತೋ ಆಗಿರುತ್ತದೆ. ಊಟ, ಮಾತು, ಟಿ.ವಿ., ಮೊಬೈಲುಗಳು ಮುಗಿದು ದೀಪ ಆರುವಾಗ ಹನ್ನೊಂದು. ಹನ್ನೊಂದರಿಂದ ಆರಕ್ಕೆ ಏಳೇ ಗಂಟೆ. ಕನಿಷ್ಠ ಲೆಕ್ಕ ಹಿಡಿದರೂ ದಿನಕ್ಕೆ ಎರಡು ಗಂಟೆ, ಶಾಲೆಯ ಆರು ದಿನಗಳಿಗೆ ಹನ್ನೆರಡು ಗಂಟೆ ನಿದ್ದೆಯ ಬಾಕಿ ಏರುತ್ತದೆ. ರವಿವಾರದ ಒಂದು ಬೆಳಗಿನಲ್ಲಿ ತೀರುವ ಬಾಕಿ ಇದಲ್ಲ. ಈ ಸಂಗತಿ ಕೊನೆಗೆ ಸರಕಾರದ ಗಮನಕ್ಕೂ ಬಂದು, 4ನೆಯ ತರಗತಿಯವರೆಗಿನ ಪಾಠಗಳನ್ನು ಬೆಳಗಿನ 9 ಗಂಟೆಗೆ ಮುಂಚೆ ಆರಂಭಿಸಬಾರದೆಂದು ಮಹಾರಾಷ್ಟ್ರ ಸರಕಾರವು 2024ರ ಫೆಬ್ರವರಿಯಲ್ಲಿ ಸೂಚನೆ ಹೊರಡಿಸಿತು. ಅದಕ್ಕೆ ಮುಖ್ಯವಾಗಿ ಕೊಟ್ಟ ಕಾರಣ ಮಕ್ಕಳ ನಿದ್ದೆಯೇ ಆಗಿತ್ತು.

ಇಷ್ಟೆಲ್ಲ ಭಾರ ಹೊತ್ತ ಮಗುವಿಗೆ ಕನ್ನಡವನ್ನು ಕಲಿಸುವುದು ಯಾವಾಗ, ಹೇಗೆ ಎಂಬುದು ಹೊರನಾಡಿನ ಪಾಲಕರನ್ನು ಕಾಡುವ ಪ್ರಶ್ನೆ. ನವೆಂಬರ್ ಒಂದರಂದು ಸಂಘದ ಸಭೆಯಲ್ಲಿ ರಾಜ್ಯೋತ್ಸವದ ಭಾಷಣವನ್ನು ಕೇಳಿ ಮನೆಗೆ ಬಂದ ತಾಯ್ತಂದೆಗಳು, "ಈ ವರ್ಷ ಮಗುವಿಗೆ ಕನ್ನಡ ಓದಲು ಬರಲೇಬೇಕು" ಎಂದು ನಿಶ್ಚಯಿಸುತ್ತಾರೆ. ಪುಸ್ತಕ, ಪಾಟಿಗಳು ಬರುತ್ತವೆ. ರವಿವಾರಕ್ಕೆ ಎರಡು ಗಂಟೆಗಳ ಪಾಠ ಗೊತ್ತಾಗುತ್ತದೆ. ಮೊದಲ ರವಿವಾರ ಅ ದಿಂದ ಅಃ ವರೆಗೆ ಒಂದೇ ಉಸಿರಿನಲ್ಲಿ. ಎರಡನೆಯ ರವಿವಾರ ಕಾಗುಣಿತ. ಮೂರನೆಯದಕ್ಕೆ ಮದುವೆಯ ಕರೆ. ನಾಲ್ಕನೆಯದಕ್ಕೆ ಮಗುವಿಗೆ ಕೆಮ್ಮು. ಡಿಸೆಂಬರ್ ಬರುವಷ್ಟರಲ್ಲಿ ಪಾಟಿ ಮಂಚದ ಕೆಳಗೆ ಸೇರಿರುತ್ತದೆ. ಕಾರ್ಕಳದಿಂದಲೋ ಗದಗದಿಂದಲೋ ಅಜ್ಜಿ ಫೋನು ಮಾಡಿದಾಗ ಮೊಮ್ಮಗು "ಹೂಂ, ಊಟ ಆಯ್ತು" ಎಂಬ ಎರಡು ಮಾತುಗಳನ್ನಾಡಿ ಫೋನನ್ನು ತಾಯಿಯ ಕೈಗೆ ದಾಟಿಸಿಬಿಡುತ್ತದೆ. ಅಜ್ಜಿಗೆ ಹೇಳಲು ಬಹಳವಿದ್ದರೂ ಕೇಳುವವರಿಲ್ಲದಂತಾಗುತ್ತದೆ. ಕನ್ನಡವನ್ನು ಕಲಿಸುವ ಪ್ರಶ್ನೆ ಭಾಷಾಭಿಮಾನದ್ದೆಂದು ವೇದಿಕೆಗಳಲ್ಲಿ ಹೇಳಲಾಗುತ್ತದೆಯಾದರೂ ನಿಜವಾಗಿ ಅದು ಈ ಫೋನಿನ ಎರಡು ತುದಿಗಳಲ್ಲಿ ಇರುವವರ ಪ್ರಶ್ನೆಯಾಗಿದೆ.

ಮಗುವನ್ನು ಶಾಲೆಗೆ ಕಳಿಸದೆ ಪೂರ್ಣವಾಗಿ ಮನೆಯಲ್ಲಿಯೇ ಓದಿಸುವ ಪದ್ಧತಿಯೂ ಒಂದುಂಟು. ಹೋಮ್‌ಸ್ಕೂಲಿಂಗ್ ಎಂದು ಕರೆಯಲ್ಪಡುವ ಈ ಪದ್ಧತಿಯ ವಿಷಯದಲ್ಲಿ ಪಾಲಕರಿಗೆ ಕಾನೂನಿನ ಸಂದೇಹಗಳು ಇರುವುದು ಸಹಜ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ಹಾಗೆ ಸೇರಿಸದ ಪಾಲಕರಿಗೆ ಯಾವ ದಂಡನೆಯನ್ನೂ ಅದು ವಿಧಿಸುವುದಿಲ್ಲ. ಮನೆಯಲ್ಲಿ ಕಲಿತ ಮಕ್ಕಳಿಗಾಗಿ ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 3, 5 ಮತ್ತು 8ನೆಯ ತರಗತಿಗಳಿಗೆ ಸಮಾನವಾದ ಮೂರು ಹಂತಗಳನ್ನೂ ಮುಂದೆ ಹತ್ತು, ಹನ್ನೆರಡನೆಯ ತರಗತಿಗಳ ಪರೀಕ್ಷೆಗಳನ್ನೂ ನಡೆಸುತ್ತದೆ. ಮಹಾರಾಷ್ಟ್ರ ಮಂಡಳಿಯ ಪರೀಕ್ಷೆಗೂ 17 ನಂಬರಿನ ಫಾರ್ಮು ತುಂಬಿ ಖಾಸಗಿಯಾಗಿ ಕುಳಿತುಕೊಳ್ಳಬಹುದಾಗಿದೆ.

ಕನ್ನಡನಾಡಿಗೆ ಇದು ಹೊಸ ವಿಚಾರವೇನೂ ಅಲ್ಲ. ಡಾ. ಶಿವರಾಮ ಕಾರಂತರು ಪುತ್ತೂರಿನ ತಮ್ಮ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದವರು. ಮಕ್ಕಳಿಗಾಗಿಯೇ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು 1930ರ ದಶಕದಷ್ಟು ಹಿಂದೆಯೇ ಹೊರತಂದವರು. ಅವರ ಮಗ ಡಾ. ಉಲ್ಲಾಸ ಕಾರಂತರು ಬಾಲ್ಯದ ಕೆಲವು ವರ್ಷಗಳನ್ನು ಶಾಲೆಯ ಹಂಗಿಲ್ಲದೆ ಮನೆಯಲ್ಲಿಯೇ ಕಲಿಯುತ್ತ ಕಳೆದರು. ಮುಂದೆ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದರೂ ಕೊನೆಗೆ ಹುಲಿಗಳ ಅಧ್ಯಯನವನ್ನು ಕೈಗೊಂಡು ವಿಶ್ವವಿಖ್ಯಾತರಾದರು. ಆದರೆ ಪುತ್ತೂರಿನ ಆ ಮನೆಯಲ್ಲಿ ಕಾರಂತರಿದ್ದರು, ಮನೆಯ ಸುತ್ತ ಗಿಡಮರಗಳಿದ್ದವು. ಗಂಡಹೆಂಡಿರಿಬ್ಬರೂ ಬೆಳಗಿನ ಫಾಸ್ಟ್ ಲೋಕಲನ್ನು ಹಿಡಿಯಬೇಕಾದ ಡೊಂಬಿವಲಿಯ ಎರಡು ಕೋಣೆಗಳ ಸಂಸಾರಕ್ಕೆ ಆ ಮಾದರಿಯನ್ನು ಹಾಗೆಯೇ ಹೊಂದಿಸುವುದು ವಿವೇಕವಲ್ಲ. ಶಾಲೆಯು ಅಕ್ಷರದೊಡನೆ ಜೊತೆಗಾರರನ್ನೂ ಕೊಡುತ್ತದೆಂಬುದನ್ನು ಮರೆಯಲಾಗದು. ಆದುದರಿಂದ ಶಾಲೆಯನ್ನು ಶಾಲೆಯ ಪಾಡಿಗೆ ಬಿಟ್ಟು, ಕನ್ನಡವೊಂದನ್ನು ಮಾತ್ರ ಮನೆಯ ಶಾಲೆಗೆ ವಹಿಸಿಕೊಡುವುದೇ ಇಲ್ಲಿಯ ಸ್ಥಿತಿಗೆ ಒಪ್ಪುವ ಮಾರ್ಗ.

ಇಡೀ ಊರೇ ಬಯಸದೆ ಮನೆಶಾಲೆಯನ್ನು ನಡೆಸಿದ ಒಂದು ಚಳಿಗಾಲವೂ ಇತ್ತು. 2020ರ ಮಾರ್ಚಿನಲ್ಲಿ ಕೋವಿಡ್ಡಿನ ಕಾರಣ ಶಾಲೆಗಳೂ ಲೋಕಲ್ ಗಾಡಿಗಳೂ ನಿಂತುಹೋದವು. ಜನಸಾಮಾನ್ಯರಿಗೆ ಲೋಕಲ್ ಗಾಡಿ ಮತ್ತೆ ಸಿಕ್ಕಿದ್ದು 2021ರ ಫೆಬ್ರವರಿ 1ರಂದು, ಅದೂ ಗೊತ್ತಾದ ವೇಳೆಗಳಲ್ಲಿ ಮಾತ್ರ. ನಗರಗಳ ಚಿಕ್ಕ ತರಗತಿಗಳ ಬಾಗಿಲು ತೆರೆದದ್ದು 2021ರ ಡಿಸೆಂಬರಿನಲ್ಲಿ. ಆ 2020-21ರ ಮಾಗಿಯಲ್ಲಿ ಮಕ್ಕಳು ಮನೆಯಲ್ಲಿದ್ದರು, ಅನೇಕ ಮನೆಗಳಲ್ಲಿ ತಂದೆಯೂ ಇದ್ದ. ಆಗ ಶಾಲೆಯ ಪಾಠ ಮೊಬೈಲಿನ ಪರದೆಯ ಮೇಲೆ ಬಂದು ಮಕ್ಕಳ ಕಣ್ಣನ್ನು ದಣಿಸಿತು. ಆದರೆ ಅಜ್ಜ-ಅಜ್ಜಿಯರು ಜೊತೆಯಲ್ಲಿದ್ದ ಮನೆಗಳಲ್ಲಿ, ಯಾರೂ ಪಾಠವೆಂದು ಹೇಳದಿದ್ದರೂ, ಕನ್ನಡ ಮಕ್ಕಳ ಬಾಯಿಗೆ ತಾನಾಗಿ ಹತ್ತಿತು. ಬಟಾಣಿ ಸುಲಿಯುತ್ತ ಎಣಿಸಿದ ಲೆಕ್ಕ, ಮಧ್ಯಾಹ್ನದ ಕಥೆ, ಕಥೆಯ ನಡುವೆ ಅಜ್ಜಿಗೆ ಬಂದ ತೂಕಡಿಕೆ, ಇವುಗಳಿಗೆ ವೇಳಾಪಟ್ಟಿ ಇರಲಿಲ್ಲ. ಆ ದುಷ್ಟ ಕಾಲವನ್ನು ಯಾರೂ ಮರಳಿ ಬಯಸಲಾರರು. ಆದರೂ ಮಕ್ಕಳ ಕಲಿಕೆಯು ನಿಧಾನದಲ್ಲಿ ಹೇಗೆ ನಡೆಯುತ್ತದೆಂಬುದನ್ನು ಅದು ಕಣ್ಣಿಗೆ ಕಾಣಿಸಿತು.

ನಿಧಾನವೆಂದರೆ ಆಲಸ್ಯವೆಂದು ತಿಳಿಯುವುದು ಸರಿಯಲ್ಲ. ಇದಕ್ಕೆ ಶಾಸ್ತ್ರದ ಆಧಾರವುಂಟು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞನು ಅರ್ಥವಿಲ್ಲದ ಅಕ್ಷರಗಳ ಮಾಲೆಗಳನ್ನು ತಾನೇ ಬಾಯಿಪಾಠ ಮಾಡಿ, ನೆನಪು ಮತ್ತು ಮರೆವುಗಳನ್ನು ಅಳೆದು, 1885ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಒಂದೇ ದಿನದಲ್ಲಿ 68 ಸಲ ಓದಿ ಸಾಧಿಸಿದ ಫಲವನ್ನು, ಓದನ್ನು ಮೂರು ದಿನಗಳಿಗೆ ಹಂಚಿದಾಗ 38 ಸಲದಲ್ಲಿಯೇ ಪಡೆಯಬಹುದೆಂದು ಅವನು ಕಂಡುಕೊಂಡನು. ನಡುವೆ ಬಿಡುವು ಕೊಟ್ಟ ಕಲಿಕೆ ಹೆಚ್ಚು ನಿಲ್ಲುತ್ತದೆಂಬ ಮಾತನ್ನು ಅನಂತರದ ಸಂಶೋಧನೆಗಳೂ ಎತ್ತಿಹಿಡಿದಿವೆ. ಹಗಲು ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ರಾತ್ರಿಯ ನಿದ್ದೆಯಲ್ಲಿ. ನಿದ್ದೆಗೆಡಿಸಿ ಕಲಿಸಿದ ಪಾಠವು ಮಗುವಿನ ಆರೋಗ್ಯವನ್ನೂ ಕೆಡಿಸಿ, ತಾನೂ ನಿಲ್ಲದೆ ಹೋಗುತ್ತದೆ.

ಈಗ ಲೆಕ್ಕವನ್ನು ನೋಡಬಹುದು. ರಾಜ್ಯೋತ್ಸವದಿಂದ ಯುಗಾದಿಯವರೆಗೆ ಸುಮಾರು ಇಪ್ಪತ್ತು ವಾರಗಳಿರುತ್ತವೆ. ಪರೀಕ್ಷೆ, ಪ್ರಯಾಣಗಳೆಂದು ಎರಡು ವಾರ ಬಿಟ್ಟರೆ ಹದಿನೆಂಟು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಇಪ್ಪತ್ತೇ ನಿಮಿಷ ಎಂದಿಟ್ಟುಕೊಂಡರೆ ಒಟ್ಟು 1,440 ನಿಮಿಷ, ಎಂದರೆ ಸರಿಯಾಗಿ 24 ಗಂಟೆ. ಒಂದು ಮಾಗಿಯಲ್ಲಿ ಕನ್ನಡಕ್ಕೆ ಬೇಕಾದದ್ದು ಒಂದು ಹಗಲು, ಒಂದು ರಾತ್ರಿಯಷ್ಟು ಕಾಲ. ಕನ್ನಡ ವರ್ಣಮಾಲೆಯಲ್ಲಿ ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49 ಅಕ್ಷರಗಳು. ವಾರಕ್ಕೆ ಮೂರರಂತೆ ಕಲಿತರೂ ಹದಿನೇಳು ವಾರಗಳಲ್ಲಿ ಮುಗಿಯುತ್ತವೆ. ಬ್ಯಾಂಕಿನಲ್ಲಿ ರಿಕರಿಂಗ್ ಡಿಪಾಜಿಟ್ ಇಟ್ಟವರಿಗೆ ಇದು ತಿಳಿಯದ ಸಂಗತಿಯಲ್ಲ: ಕಂತು ಚಿಕ್ಕದಿರಬೇಕು, ತಪ್ಪಬಾರದು. ರವಿವಾರದ ಎರಡು ಗಂಟೆಗಳ ಪಾಠ ಒಮ್ಮೆ ತಪ್ಪಿದರೆ ವಾರದ ಪಾಠವೇ ಹೋಯಿತು. ಇಪ್ಪತ್ತು ನಿಮಿಷದ ಪಾಠ ತಪ್ಪಿದರೆ ನಾಳೆ ಇದೆ.

ಆದರೆ ಆ ಮೂರು ಅಕ್ಷರಗಳನ್ನು ಅ, ಆ, ಇ ಎಂಬ ಕ್ರಮದಲ್ಲಿಯೇ ಕಲಿಸಬೇಕೆಂಬ ನಿಯಮವೇನಿಲ್ಲ. ಈ ವಿಷಯದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಗಳಿಂದ ಕಲಿಯುವುದು ಬಹಳವಿದೆ. 1995ರಲ್ಲಿ ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್‌ನ ನೆರವಿನಿಂದ 'ನಲಿ-ಕಲಿ' ಎಂಬ ಪದ್ಧತಿಯನ್ನು ರೂಪಿಸಿದರು. ಮುಂದೆ 2009ರಲ್ಲಿ ಅದು ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ವ್ಯಾಪಿಸಿತು. ಅದರಲ್ಲಿ ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಮಗುವು ತನ್ನ ನಡಿಗೆಯಲ್ಲಿ ಒಂದೊಂದೇ ಮೆಟ್ಟಿಲನ್ನು ಹತ್ತುತ್ತದೆ. ಜ್ವರ ಬಂದು ಒಂದು ವಾರ ತಪ್ಪಿದ ಮಗು ಮರಳಿ ಬಂದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ತರಗತಿ ಮುಂದೆ ಹೋಯಿತೆಂಬ ಭಯವಿಲ್ಲ. ಅಕ್ಷರಗಳ ಆರಂಭ ರ, ಗ, ಸ, ದ, ಅ ಎಂಬ ಐದರಿಂದ. ಈ ಐದು ಬಂದರೆ ಸಾಕು, ಮಗುವು ಸರ, ದರ, ಅರಸ, ದಸರ, ಗರಗಸ ಎಂಬ ಮಾತುಗಳನ್ನು ಓದಬಲ್ಲದು. ಎರಡನೆಯ ವಾರದಲ್ಲಿಯೇ 'ಓದಿದೆ' ಎಂಬ ಹಿಗ್ಗು ಸಿಗುತ್ತದೆ. ಅ ದಿಂದ ಅಃ ವರೆಗೆ ಹದಿನೈದು ಅಕ್ಷರ ಕಲಿತ ಮಗುವಿಗಾದರೋ ಆಯಿ, ಈಐ ಎಂದು ಕೂಗುವುದಲ್ಲದೆ ಓದಲು ಒಂದು ಮಾತೂ ಇರುವುದಿಲ್ಲ. ನಲಿ-ಕಲಿಯ ಮೇಲೆ ಟೀಕೆಗಳು ಇಲ್ಲವೆಂದಲ್ಲ. ಹಲವು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂಡಿಸುವುದು ಶಿಕ್ಷಕರಿಗೆ ಹೊರೆಯೆಂಬ ದೂರು ಉಂಟು. ಆದರೆ ಒಂದೋ ಎರಡೋ ಮಕ್ಕಳಿರುವ ಮನೆಯಲ್ಲಿ ಆ ದೂರಿಗೆ ಎಡೆಯಿಲ್ಲ.

ಠಾಣೆ ಜಿಲ್ಲೆಯ ಕನ್ನಡ ಮಗುವಿಗೆ ಒಂದು ಅನುಕೂಲವೂ ಇದೆ. ಬಹಳ ಪಾಲಕರು ಅದನ್ನು ಬಳಸಿಕೊಳ್ಳುವುದಿಲ್ಲ. ಮಹಾರಾಷ್ಟ್ರದಲ್ಲಿ 2020ರ ಕಾಯಿದೆಯ ಮೇರೆಗೆ ಎಲ್ಲ ಮಂಡಳಿಗಳ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ ವಿಷಯ. ಆದುದರಿಂದ ಮಗುವಿಗೆ ದೇವನಾಗರಿ ಲಿಪಿ ಬರುತ್ತದೆ, ಕ ಖ ಗ ಘ ಎಂಬ ವರ್ಗಗಳ ಕ್ರಮ ಬಾಯಲ್ಲಿದೆ. ಕನ್ನಡದ ಕ್ರಮವೂ ಅದೇ. ಹಿಂದಿಯಲ್ಲಿ ಬಳಕೆಯಿಲ್ಲದ ಳಕಾರ ಮರಾಠಿಯಲ್ಲಿ ಉಂಟು. ಹಾಗಾಗಿ ಕಲಿಯಬೇಕಾದದ್ದು ಹೊಸ ಆಕಾರಗಳನ್ನು ಮಾತ್ರ, ಧ್ವನಿಗಳನ್ನಲ್ಲ. ನಿಜವಾಗಿ ಹೊಸದಾದದ್ದು ಎ-ಏ, ಒ-ಓ ಗಳ ಹ್ರಸ್ವ ದೀರ್ಘ ಭೇದ ಮತ್ತು ಅಕ್ಷರದ ಕೆಳಗೆ ಕೂರುವ ಒತ್ತುಗಳು. ಇನ್ನೊಂದು ಸೂಕ್ಷ್ಮವೂ ಉಂಟು. ಮರಾಠಿ, ಹಿಂದಿಗಳಲ್ಲಿ ಮಾತಿನ ಕೊನೆಯ ಅಕಾರವು ಉಚ್ಚಾರದಲ್ಲಿ ಬಿದ್ದುಹೋಗುತ್ತದೆ. ಆ ರೂಢಿಯಿಂದ ಮಗುವು 'ಸರ' ಎಂದು ಬರೆದದ್ದನ್ನು 'ಸರ್' ಎಂದು ಓದುತ್ತದೆ. ಅದು ದಡ್ಡತನವಲ್ಲ, ಒಂದು ಭಾಷೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದ ಜಾಣತನ. ಬೈಯುವ ಬದಲು, ಕನ್ನಡದಲ್ಲಿ ಕೊನೆಯ ಅಕ್ಷರವನ್ನೂ ಪೂರ್ತಿ ಹೇಳಬೇಕೆಂದು ಎರಡು ದಿನ ನೆನಪಿಸಿದರೆ ಸಾಲುತ್ತದೆ.

ಇದನ್ನೆಲ್ಲ ಕಲಿಸಲು ಒಳ್ಳೆಯ ಪಾಠಪುಸ್ತಕವೊಂದು ರೈಲ್ವೆಯವರ ಕೃಪೆಯಿಂದ ಎಲ್ಲರಿಗೂ ದೊರಕಿದೆ. ಠಾಣೆಯಿಂದ ಕಲ್ಯಾಣದವರೆಗಿನ ನಿಲ್ದಾಣಗಳ ಹೆಸರು ಡೊಂಬಿವಲಿಯ ಮಕ್ಕಳಿಗೆ ನಿದ್ದೆಯಲ್ಲಿಯೂ ಗೊತ್ತು. ಅವನ್ನು ಕನ್ನಡದಲ್ಲಿ ಬರೆಯಿಸಿ ನೋಡಬೇಕು. 'ದಿವಾ' ಸುಲಭ, ಮೊದಲ ದಿನವೇ ಆಗುತ್ತದೆ. 'ಕಳವಾ' ಎಂಬಲ್ಲಿ ಳಕಾರ ಬಂದಿತು. 'ಮುಂಬ್ರಾ'ದಲ್ಲಿ ಅನುಸ್ವಾರ ಮತ್ತು ರಕಾರದ ಒತ್ತು. 'ಕೋಪರ್' ಎಂದು ಬರೆಯಲು ಕೊನೆಗೆ ಅರ್ಧಾಕ್ಷರ ಬೇಕೆಂದಾಗ, ಮರಾಠಿಯಲ್ಲಿ ಅದು ಬೇಡವಾದದ್ದೇಕೆ ಎಂದು ಮಗುವೇ ಕೇಳುತ್ತದೆ. 'ಡೊಂಬಿವಲಿ'ಯಲ್ಲಿ ಡೊ ಹ್ರಸ್ವವೋ ದೀರ್ಘವೋ ಎಂದು ದೊಡ್ಡವರೂ ಜಗಳಾಡಬಹುದು. ಮರಾಠಿಯಲ್ಲಿ ಆ ಜಗಳವೇ ಇಲ್ಲ. 'ಠಾಕುರ್ಲಿ'ಯಲ್ಲಿ ಅರ್ಕಾವೊತ್ತು, 'ಕಲ್ಯಾಣ'ದಲ್ಲಿ ಯಕಾರದ ಒತ್ತು. ಎಂಟು ನಿಲ್ದಾಣಗಳಲ್ಲಿ ಕನ್ನಡದ ಬರವಣಿಗೆಯ ಮುಖ್ಯ ತೊಡಕುಗಳೆಲ್ಲ ಬಂದುಹೋಗುತ್ತವೆ. ನವಿ ಮುಂಬಯಿಯವರಿಗೆ ವಾಶಿಯಿಂದ ನೆರೂಳ್, ಬೇಲಾಪುರ, ಖಾರ್ಘರ್‌ಗಳ ದಾರಿಯಿದೆ. ಅಡಿಗೆಮನೆಯ ಡಬ್ಬಿಗಳ ಮೇಲೆ ಚೀಟಿ ಅಂಟಿಸುವುದು ಇನ್ನೊಂದು ಪಾಠ. 'ತುಪ್ಪ' ಎಂದು ಬರೆಯುವಾಗ ಮರಾಠಿಯ 'ತೂಪ'ವನ್ನು ಪಕ್ಕದಲ್ಲಿ ಹೇಳಿದರೆ, ಎರಡು ಭಾಷೆಗಳೂ ನೆರೆಹೊರೆಯವೆಂಬುದು ಮಗುವಿಗೆ ಮನದಟ್ಟಾಗುತ್ತದೆ.

ಇಪ್ಪತ್ತು ನಿಮಿಷಗಳನ್ನು ದಿನದ ಯಾವ ಭಾಗದಲ್ಲಿ ಇಡಬೇಕೆಂಬುದು ಆರೋಗ್ಯದ ಪ್ರಶ್ನೆಯೂ ಹೌದು. ಚಳಿಗಾಲದ ರಾತ್ರಿಯಲ್ಲಿ ನೆಲ ತಣಿದಾಗ ನೆಲದ ಸಮೀಪದ ಗಾಳಿಯೂ ತಣಿದು ಭಾರವಾಗಿ ಕೆಳಗೇ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕೂತಿರುತ್ತದೆ. ವಾಹನಗಳ ಹೊಗೆ, ಕಟ್ಟಡಗಳ ಕಾಮಗಾರಿಯ ಧೂಳು, ಕಾರಖಾನೆಗಳ ಹೊಗೆ, ಕಸ ಸುಡುವವರ ಹೊಗೆ ಎಲ್ಲವೂ ಆ ಮುಚ್ಚಳದ ಕೆಳಗೆ ಸೇರಿಕೊಳ್ಳುತ್ತವೆ. ಬಿಸಿಲೇರಿದ ಮೇಲೆಯೇ ಗಾಳಿ ಕಲಕಿ ತಿಳಿಯಾಗುವುದು. ಆದುದರಿಂದ ಮಂಜಿನಂತೆ ಹೊಗೆ ಕವಿದ ದಿನಗಳಲ್ಲಿ ಮಕ್ಕಳನ್ನು ನಸುಕಿನಲ್ಲಿ ಓಟಕ್ಕೆ, ಆಟಕ್ಕೆ ಕಳಿಸುವುದು ಹಿತವಲ್ಲ. ಸಂಜೆ ನಾಲ್ಕರಿಂದ ಆರರವರೆಗಿನ ಬಿಸಿಲು ಆಟಕ್ಕೆ ಮೀಸಲು; ಅದನ್ನು ಕನ್ನಡಕ್ಕಾಗಲಿ ಬೇರಾವ ಟ್ಯೂಷನ್ನಿಗಾಗಲಿ ಕಸಿಯಬಾರದು. ಮಕ್ಕಳ ಕಣ್ಣಿಗೂ ಈ ಬೆಳಕು ಬೇಕು. ಚೀನದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿರಲು ಅವಕಾಶ ಕೊಟ್ಟು ಮೂರು ವರ್ಷ ನೋಡಿದರು. ಹಾಗೆ ಮಾಡಿದ ಶಾಲೆಗಳಲ್ಲಿ ಸಮೀಪದೃಷ್ಟಿಯ ದೋಷವು ಹೊಸದಾಗಿ ಬಂದ ಮಕ್ಕಳು ನೂರಕ್ಕೆ ಸುಮಾರು 30; ಮಾಡದ ಶಾಲೆಗಳಲ್ಲಿ ಸುಮಾರು 40. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕನ್ನಡಕವಿಲ್ಲದೆ ಕನ್ನಡ ಓದುವ ಮಗು ಬೇಕಾದರೆ ಅದಕ್ಕೆ ಮೊದಲು ಬಯಲು ಬೇಕು.

ಹಾಗಾದರೆ ಪಾಠಕ್ಕೆ ಉಳಿಯುವುದು ದೀಪ ಹಚ್ಚಿದ ಮೇಲಿನ ಹೊತ್ತು, ಊಟಕ್ಕೆ ಮುಂಚೆ. ತಂದೆ ಬರುವವರೆಗೆ ಕಾಯುವುದು ಬೇಡ. ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ ಅವರಿಗೇ ಬಿಡುವುದು ಉತ್ತಮ. ಇಲ್ಲದಿದ್ದರೆ ಮೊದಲು ಮನೆ ಸೇರಿದವರು ಇಪ್ಪತ್ತು ನಿಮಿಷ ಕೊಟ್ಟರಾಯಿತು. ದೀಪದ ಬೆಳಕು ಪುಸ್ತಕದ ಮೇಲೆ ಬೀಳಬೇಕು. ಪುಸ್ತಕ ಕಣ್ಣಿನಿಂದ ಒಂದಡಿಗಿಂತ ದೂರವಿರಬೇಕು. ಮೊಬೈಲಿನ ಪರದೆಗಿಂತ ಕಾಗದ ಮೇಲು. ಒಂಬತ್ತೂವರೆಗೆ ಮಗು ಮಲಗಿರಬೇಕು. ಮಲಗಿದ ಮಗುವಿಗೆ ಕತ್ತಲೆಯಲ್ಲಿ ಹೇಳುವ ಕಥೆಯನ್ನು ಪಾಠದ ಲೆಕ್ಕದಲ್ಲಿ ಸೇರಿಸಬೇಕಾಗಿಲ್ಲ, ಆದರೆ ಅದರಷ್ಟು ಕೆಲಸ ಮಾಡುವ ಪಾಠ ಇನ್ನೊಂದಿಲ್ಲ.

ಕೆಮ್ಮು, ನೆಗಡಿಗಳು ಈ ತಿಂಗಳುಗಳಲ್ಲಿ ಬಿಡಲಾರದ ಅತಿಥಿಗಳು. ಮೂಗು ಸೋರುತ್ತಿದ್ದರೂ ಲವಲವಿಕೆಯಿಂದಿರುವ ಮಗುವಿಗೆ ಕಥೆ ಹೇಳಬಹುದು, ಬರವಣಿಗೆ ಬೇಡ. ಜ್ವರವಿದ್ದರೆ ಪಾಠವೇ ಬೇಡ. ಬೆಚ್ಚನೆಯ ನೀರು, ತಿಳಿಸಾರು, ನಿದ್ದೆಗಳೇ ಆ ದಿನದ ಪಾಠ. ಒಂದು ವರ್ಷ ದಾಟಿದ ಮಕ್ಕಳಿಗೆ ಕೆಮ್ಮಿಗೆ ಒಂದು ಚಮಚ ಜೇನು ಹಿತಕರ. ವರ್ಷ ತುಂಬದ ಕೂಸಿಗೆ ಜೇನನ್ನು ಕೊಡಲೇಬಾರದು. ಉಸಿರಾಟದಲ್ಲಿ ಸಿಳ್ಳೆಯ ಸದ್ದು ಕೇಳಿಸಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಗು ಮಾತನ್ನು ಪೂರ್ತಿಗೊಳಿಸಲಾರದೆ ಏದುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಪ್ರತಿ ಚಳಿಗಾಲವೂ ಹೀಗಾಗುವ ಮಗುವಿಗೆ ಉಬ್ಬಸವಿರಬಹುದು. ಔಷಧದ ಪಂಪಿಗೆ ಅಂಜಿ ವರ್ಷಗಟ್ಟಲೆ ಮುಂದೂಡುವ ಪಾಲಕರು ಇನ್ನೂ ಇದ್ದಾರೆಂಬುದು ಖೇದದ ಸಂಗತಿ.

ಮಾಗಿಯು ತಿನ್ನುವ ಕಾಲವೂ ಹೌದು. ಹಸಿ ಬಟಾಣಿ, ಮೆಂತ್ಯದ ಸೊಪ್ಪು, ಅವರೆ, ನೆಲ್ಲಿಕಾಯಿ, ಬೋರೆಹಣ್ಣು ಎಲ್ಲವೂ ಕಲ್ಯಾಣದ ಪೇಟೆಗೆ ಬರುತ್ತವೆ. ಚೀಲವನ್ನು ನೆಲಕ್ಕೆ ಸುರುವಿ ಹೆಸರು ಹೇಳಿಸುವುದರಲ್ಲಿ ಇಪ್ಪತ್ತು ನಿಮಿಷ ಹೋದದ್ದು ತಿಳಿಯುವುದಿಲ್ಲ. ಸಂಕ್ರಾಂತಿಗೆ ಮರಾಠಿ ನೆರೆಮನೆಯಿಂದ ತಿಳಗೂಳ ಬರುತ್ತದೆ, ಇಲ್ಲಿಂದ ಎಳ್ಳುಬೆಲ್ಲ ಹೋಗುತ್ತದೆ. ತಟ್ಟೆಯನ್ನು ಒಯ್ಯುವ ಮಗುವೇ ಎರಡೂ ಮಾತುಗಳನ್ನು ಆಡಲಿ. ವಿಜಯಪುರ, ಕಲಬುರಗಿಗಳ ಕಡೆಯವರು ಹೊಲದಲ್ಲಿ ಸುಟ್ಟು ತಿನ್ನುವ ಎಳೆಜೋಳದ ಸೀತನಿಯೇ ಇಲ್ಲಿಯವರ ಹುರಡಾ. ನವೆಂಬರಿನಿಂದ ಬೇಸಗೆಯವರೆಗೆ ಠಾಣೆಯ ಖಾಡಿಗೆ ಫ್ಲೆಮಿಂಗೊ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. 2015ರಲ್ಲಿ ಅವುಗಳ ಅಭಯಾರಣ್ಯವೆಂದು ಘೋಷಿತವಾದ ಈ ಖಾಡಿಗೆ 2022ರಲ್ಲಿ ರಾಮ್ಸಾರ್ ತಾಣದ ಅಂತರರಾಷ್ಟ್ರೀಯ ಮನ್ನಣೆಯೂ ದೊರಕಿದೆ. ಐರೋಳಿಯ ದಡಕ್ಕೆ ಒಂದು ರವಿವಾರ ಹೋಗಿ, ಬಿಸಿಲಿನಲ್ಲಿ ನಿಂತು ಕೊಕ್ಕು, ರೆಕ್ಕೆ, ಕೆಸರು, ಹಿಂಡು ಎಂಬ ನಾಲ್ಕು ಮಾತುಗಳನ್ನು ಕಲಿತು ಬಂದರೆ ಆ ವಾರಕ್ಕೆ ಸಾಕು.

ತುಳುವೋ ಕೊಂಕಣಿಯೋ ಮನೆಮಾತಾಗಿರುವ ಕುಟುಂಬಗಳು ಸಂಘದಲ್ಲಿ ಬಹಳವಿವೆ. ಅಂಥ ಮನೆಗಳಲ್ಲಿ ಕನ್ನಡವನ್ನು ಕಲಿಸಲೆಂದು ಮನೆಮಾತನ್ನು ನಿಲ್ಲಿಸುವ ಅಗತ್ಯ ಎಷ್ಟು ಮಾತ್ರವೂ ಇಲ್ಲ. ಮಾತು ತುಳುವಿನಲ್ಲಿ ನಡೆಯಲಿ, ಓದುಬರಹ ಕನ್ನಡದಲ್ಲಿ. ದಕ್ಷಿಣ ಕನ್ನಡದ ಎಷ್ಟೋ ತಲೆಮಾರುಗಳು ಹೀಗೆಯೇ ಕಲಿತಿವೆ. ಹಾಗೆಯೇ ಅಜ್ಜಿಯ ಕನ್ನಡವನ್ನು ತಿದ್ದುವ ಗೊಡವೆಗೂ ಹೋಗಬಾರದು. ಅವಳು 'ಹೋಗೂಣು' ಎಂದರೆ ಮಗುವೂ ಹಾಗೆಯೇ ಅನ್ನಲಿ. ಗ್ರಂಥದ ಭಾಷೆಯನ್ನು ಗ್ರಂಥವೇ ಕಲಿಸುತ್ತದೆ.

ಗ್ರಂಥಗಳಿಗೆ ಕೊರತೆಯೂ ಇಲ್ಲ. ಪುಣೆಯ ಬಾಲಭಾರತಿ ಸಂಸ್ಥೆಯು ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಶಾಲೆಗಳಿಗಾಗಿ, ಮುಖ್ಯವಾಗಿ ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಮಕ್ಕಳಿಗಾಗಿ, ಕನ್ನಡದಲ್ಲಿಯೇ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತದೆ. ಸ್ವಂತ ರಾಜ್ಯ ಸರಕಾರದ ಈ ಕನ್ನಡ ಪುಸ್ತಕಗಳ ಸುದ್ದಿಯೇ ಡೊಂಬಿವಲಿಯ ಅನೇಕ ಕನ್ನಡಿಗರಿಗೆ ತಿಳಿದಿಲ್ಲ! ಕರ್ನಾಟಕದ ಪಠ್ಯಪುಸ್ತಕಗಳನ್ನೂ ಪ್ರಥಮ್ ಬುಕ್ಸ್‌ನವರ ಸಚಿತ್ರ ಕನ್ನಡ ಕಥೆಗಳನ್ನೂ ಅಂತರ್ಜಾಲದಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ಮಕ್ಕಳ ಹಾಡುಗಳಿಗೆ ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಇದ್ದೇ ಇದ್ದಾರೆ. ಸಂಘಗಳು ಮಾಡಬಹುದಾದ ಕೆಲಸವೊಂದಿದೆ: ಆರೇಳು ಮನೆಗಳಿಗೆ ಒಂದರಂತೆ ಕಥೆಪುಸ್ತಕಗಳ ಪೆಟ್ಟಿಗೆಯನ್ನು ಮಾಗಿಯುದ್ದಕ್ಕೂ ಮನೆಯಿಂದ ಮನೆಗೆ ಸುತ್ತಿಸುವುದು. ಸ್ಪರ್ಧೆ, ಪರೀಕ್ಷೆ, ಪ್ರಶಸ್ತಿಪತ್ರಗಳ ಏರ್ಪಾಟು ಮಾತ್ರ ಬೇಡ. ಅಂಕಗಳು ಬಂದೊಡನೆ ಕನ್ನಡವೂ ಮಗುವಿಗೆ ಇನ್ನೊಂದು ಟ್ಯೂಷನ್ ಆಗುತ್ತದೆ. ಪಕ್ಕದ ಮನೆಯ ಹುಡುಗನ ಮೆಟ್ಟಿಲನ್ನು ನೋಡಿ ತಾಯ್ತಂದೆಗಳ ರಕ್ತದೊತ್ತಡವೂ ಏರುತ್ತದೆ.

ಮಾರ್ಚಿಯಲ್ಲಿ ಶಾಲೆಯ ಪರೀಕ್ಷೆಗಳು ಹತ್ತಿರವಾದಾಗ ಮನೆಪಾಠವನ್ನು ನಿಲ್ಲಿಸಬೇಕು. ಅಷ್ಟರೊಳಗೆ 49 ಅಕ್ಷರಗಳೂ ಮುಗಿಯದೆ 30ಕ್ಕೇ ನಿಂತಿದ್ದರೆ ಉಳಿದವು ಮುಂದಿನ ಮಾಗಿಗೆ ಕಾಯುತ್ತವೆ. ನಿಲ್ಲಿಸುವ ಮುಂಚೆ ಯುಗಾದಿಯ ಹೆಸರಿನಲ್ಲಿ ಅಂಚೆ ಕಚೇರಿಯಿಂದ ಒಂದು ಕಾರ್ಡನ್ನು ತಂದು, ಊರಿನ ಅಜ್ಜಿಗೆ ಮೂರು ಸಾಲು ಬರೆಯಲು ಮಗುವಿಗೆ ಕೊಡಬಹುದು. ಒತ್ತು ತಪ್ಪಲಿ, ದೀರ್ಘ ಬಿಡಲಿ, 'ಸರ' ಎಂಬುದು 'ಸರ್' ಆಗಲಿ, ತಿದ್ದದೆ ಹಾಗೆಯೇ ಡಬ್ಬಿಗೆ ಹಾಕುವುದು. ವಿಳಾಸವನ್ನು ಮಾತ್ರ ದೊಡ್ಡವರು ಬರೆಯಬೇಕು. ಪಿನ್‌ಕೋಡಿನ ಆರು ಅಂಕೆಗಳನ್ನು ಎರಡು ಸಲ ನೋಡಿಕೊಳ್ಳಬೇಕು.